ಅಪ್ಪನ ಸೋಲನ್ನೂ ಹೇಳುವ ಪ್ರೀತಿ

ತಂದೆಯ ಹುಟ್ಟುಹಬ್ಬಕ್ಕೆ ಮಗಳು ಬರೆಯುವ ಮೆಚ್ಚುನುಡಿ ಈಗ ನಮ್ಮಲ್ಲಿ ಒಂದು ಬರವಣಿಗೆಯ ಪ್ರಕಾರವಾಗಿಯೇ ಬೆಳೆದಿದೆ. ಅರವತ್ತರ ಶಾಂತಿಗೆ, ಎಪ್ಪತ್ತರ ಭೀಮರಥಕ್ಕೆ, ಸಹಸ್ರಚಂದ್ರದರ್ಶನಕ್ಕೆ ಮನೆಯವರು ಹೊರತರುವ ಪುಟ್ಟ ಸಂಚಿಕೆಗಳಲ್ಲಿ, ಮೊಬೈಲಿನಲ್ಲಿ ಹರಿದಾಡುವ ಶುಭಾಶಯಗಳಲ್ಲಿ, ಸನ್ಮಾನದ ವೇದಿಕೆಗಳಲ್ಲಿ ಅದನ್ನು ದಿನವೂ ಕಾಣುತ್ತೇವೆ. ಅಲ್ಲಿ ತಂದೆ ಆಲದ ಮರ, ಆಕಾಶ, ಕಣ್ಣಿಗೆ ಕಾಣುವ ದೇವರು, ಬಾಳಿನ ಮೊದಲ ನಾಯಕ. ಬರೆದವಳ ಪ್ರೀತಿಯಲ್ಲಿ ಕೃತಕತೆಯಿಲ್ಲ. ಓದುವಾಗ ನಮ್ಮ ಕಣ್ಣೂ ಒದ್ದೆಯಾಗುತ್ತದೆ. ಆದರೂ ಓದಿ ಮುಗಿಸಿದ ಮೇಲೆ ಒಂದು ಕೊರತೆ ಉಳಿಯುತ್ತದೆ. ಹೆಸರೊಂದನ್ನು ಬದಲಿಸಿದರೆ ಆ ಬರಹ ಯಾರ ತಂದೆಗಾದರೂ ಹೊಂದಿಕೊಳ್ಳುತ್ತದೆ. ಆಲದ ಮರ ಕಾಣುತ್ತದೆ, ಅಪ್ಪ ಕಾಣುವುದಿಲ್ಲ.

ಈ ಕೊರತೆಯ ಕಾರಣವನ್ನು ನಾನು ಹೀಗೆ ತಿಳಿದಿದ್ದೇನೆ: ಹುಟ್ಟುಹಬ್ಬದಂದು ತಂದೆಯ ಗೆಲುವುಗಳನ್ನಷ್ಟೇ ಹೇಳಬೇಕು, ಸೋತದ್ದನ್ನು ಎತ್ತುವುದು ಅವಿನಯ ಎಂಬ ಒಂದು ನಂಬಿಕೆ ನಮ್ಮಲ್ಲಿ ಬೇರುಬಿಟ್ಟಿದೆ. ನನ್ನ ಅಭಿಪ್ರಾಯ ಇದಕ್ಕೆ ವಿರುದ್ಧವಾದದ್ದು. ತಂದೆ ಯಾವುದಕ್ಕಾಗಿ ಬದುಕನ್ನು ಸುರಿದರು, ಅದರಲ್ಲಿ ಯಾವುದು ಕೈಗೂಡಲಿಲ್ಲ ಎಂಬುದನ್ನು ಪ್ರೀತಿಯಿಂದ, ಅವರು ಕೇಳಿಸಿಕೊಳ್ಳುವ ಕಾಲದಲ್ಲೇ ಹೇಳಬಲ್ಲ ಮಗಳು ಕೊಡುವಷ್ಟು ದೊಡ್ಡ ಉಡುಗೊರೆಯನ್ನು ಬೇರೆ ಯಾರೂ ಕೊಡಲಾರರು. ಇದಕ್ಕೆ ಉದಾಹರಣೆಯನ್ನು ದೂರ ಹುಡುಕಬೇಕಿಲ್ಲ. ನಾವಿರುವ ಈ ಹೈದರಾಬಾದಿನಲ್ಲೇ, ನಾಂಪಲ್ಲಿ ನಿಲ್ದಾಣದ ದಾರಿಯಲ್ಲೇ ಅದು ಸಿಗುತ್ತದೆ.

ಪ್ರತಿ ವರ್ಷ ಫೆಬ್ರವರಿ 13ರಂದು ದೇಶವು ರಾಷ್ಟ್ರೀಯ ಮಹಿಳಾ ದಿನವೆಂದು ಸರೋಜಿನಿ ನಾಯ್ಡು ಅವರ ಜನ್ಮದಿನವನ್ನು ಆಚರಿಸುತ್ತದೆ. 1879ರಲ್ಲಿ ಅವರು ಹುಟ್ಟಿದ್ದು ಈ ನಗರದಲ್ಲೇ. 1925ರಲ್ಲಿ ಕಾಂಗ್ರೆಸ್ಸಿನ ಅಧ್ಯಕ್ಷೆ, ಸ್ವತಂತ್ರ ಭಾರತದಲ್ಲಿ ಸಂಯುಕ್ತ ಪ್ರಾಂತ್ಯದ (ಮುಂದಿನ ಉತ್ತರಪ್ರದೇಶದ) ರಾಜ್ಯಪಾಲೆ, ಇಂಗ್ಲಿಷಿನಲ್ಲಿ ಬರೆದ ಕವಿ – ಇವೆಲ್ಲ ಶಾಲೆಯ ಮಕ್ಕಳಿಗೂ ಗೊತ್ತು. ಅವರ ತಂದೆ ಅಘೋರನಾಥ ಚಟ್ಟೋಪಾಧ್ಯಾಯರ ಹೆಸರು ಮಾತ್ರ ಈ ಊರಿನಲ್ಲೂ ಹೆಚ್ಚು ಜನರ ಬಾಯಲ್ಲಿಲ್ಲ. ಅವರನ್ನು ನಾನು ಅರಿತದ್ದು ಮಗಳ ಒಂದು ಪತ್ರದಿಂದ.

ಅಘೋರನಾಥರು ಪೂರ್ವಬಂಗಾಳದ ಬಿಕ್ರಂಪುರದ ಕಡೆಯವರು. ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಓದಿ ಡಾಕ್ಟರ್ ಆಫ್ ಸೈನ್ಸ್ ಪದವಿ ಪಡೆದು, ನಿಜಾಮರ ಸಂಸ್ಥಾನಕ್ಕೆ ಬಂದು ನೆಲೆಸಿದವರು. ಅವರು ಪ್ರಾಂಶುಪಾಲರಾಗಿದ್ದ ಹೈದರಾಬಾದ್ ಕಾಲೇಜೇ ಮುಂದೆ ನಿಜಾಂ ಕಾಲೇಜಾಯಿತು. ಬಶೀರ್‌ಬಾಗಿನಲ್ಲಿ ಇಂದಿಗೂ ಅದು ನಡೆಯುತ್ತಿದೆ. ಚಾಂದಾ ರೈಲುಮಾರ್ಗದ ಯೋಜನೆಯನ್ನು ಪ್ರಶ್ನಿಸಿದ್ದಕ್ಕಾಗಿ 1883ರಲ್ಲಿ ಅವರನ್ನು ಸಂಸ್ಥಾನದಿಂದಲೇ ಹೊರಗೆ ಹಾಕಲಾಯಿತು. ಆಗ ಹಿರಿಯ ಮಗಳಿಗೆ ನಾಲ್ಕು ವರ್ಷ. ಕೆಲಕಾಲದ ಮೇಲೆ ಹಿಂದಿರುಗಿ ಮತ್ತೆ ಶಿಕ್ಷಣದ ಕೆಲಸಕ್ಕೇ ಕೈಹಾಕಿದರು. ಎಂಟು ಮಕ್ಕಳ ಸಂಸಾರ. ಮನೆಯ ಬಾಗಿಲು ಎಲ್ಲರಿಗೂ ತೆರೆದಿತ್ತು. ಮನೆಯ ಹಣವೂ ಹಾಗೆಯೇ ಎಲ್ಲ ಕಡೆಗೂ ತೆರೆದಿತ್ತು.

1905ರಲ್ಲಿ ಲಂಡನ್ನಿನಲ್ಲಿ ಸರೋಜಿನಿಯವರ ಮೊದಲ ಮುಖ್ಯ ಸಂಕಲನ 'ದಿ ಗೋಲ್ಡನ್ ಥ್ರೆಶೋಲ್ಡ್' ಪ್ರಕಟವಾಯಿತು. ಅದಕ್ಕೆ ಪ್ರಸ್ತಾವನೆ ಬರೆದ ಇಂಗ್ಲಿಷ್ ಕವಿ ಆರ್ಥರ್ ಸೈಮನ್ಸ್, ಸರೋಜಿನಿ ತನಗೆ ಬರೆದಿದ್ದ ಪತ್ರಗಳ ಭಾಗಗಳನ್ನು ಅದರಲ್ಲಿ ಸೇರಿಸಿದ. ತಂದೆಯ ಚಿತ್ರ ಬರುವುದು ಅಲ್ಲಿ. ಆಗ ಅಘೋರನಾಥರು ಬದುಕಿದ್ದರು. ಇನ್ನೂ ಹತ್ತು ವರ್ಷ ಬದುಕಿದರು. ಅದು ಹುಟ್ಟುಹಬ್ಬಕ್ಕೆಂದು ಬರೆದ ಪತ್ರವಲ್ಲ. ಆದರೂ ಮಗಳು ತಂದೆಯ ಬಗ್ಗೆ ಬರೆದ ಮೆಚ್ಚುನುಡಿ ಹೇಗಿರಬಹುದು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಮಾದರಿ ನನಗೆ ಸಿಕ್ಕಿಲ್ಲ.

ಆ ಪತ್ರದಲ್ಲಿ ಮಗಳು ಏನು ಹೇಳುತ್ತಾಳೆಂಬುದನ್ನು ನನ್ನ ಮಾತಿನಲ್ಲಿ ಸಂಗ್ರಹಿಸುತ್ತೇನೆ. ಭಾರತದಲ್ಲಿ ತನ್ನ ತಂದೆಯಷ್ಟು ಓದಿದವರು ಕೆಲವರೇ ಇರಬಹುದು, ಅವರಷ್ಟು ಜನರ ಪ್ರೀತಿ ಗಳಿಸಿದವರೂ ಹೆಚ್ಚಿಲ್ಲ ಎನ್ನುತ್ತಾಳೆ. ದೊಡ್ಡ ಬಿಳಿಯ ಗಡ್ಡ, ಗ್ರೀಕ್ ಮಹಾಕವಿ ಹೋಮರನ ಮುಖಲಕ್ಷಣ, ಮಾಳಿಗೆ ಹಾರಿಹೋಗುವಂಥ ನಗು. ಇಷ್ಟಾದ ಮೇಲೆ, ಅಪ್ಪ ತನ್ನ ಹಣವನ್ನೆಲ್ಲ ಎರಡು ಕೆಲಸಗಳಿಗೆ ಪೋಲು ಮಾಡಿದರು ಎಂದು ನೇರವಾಗಿ ಬರೆಯುತ್ತಾಳೆ: ಒಂದು ಪರೋಪಕಾರ, ಇನ್ನೊಂದು ರಸವಿದ್ಯೆ. ಹೌದು, ಎಡಿನ್‌ಬರೋದಲ್ಲಿ ಆಧುನಿಕ ರಸಾಯನಶಾಸ್ತ್ರ ಕಲಿತು ಬಂದ ಈ ವಿದ್ವಾಂಸರು ಹಗಲೂ ರಾತ್ರಿಯೂ ಕೀಳು ಲೋಹವನ್ನು ಬಂಗಾರ ಮಾಡುವ ಪ್ರಯೋಗಗಳಲ್ಲಿ ಮುಳುಗಿರುತ್ತಿದ್ದರು. ಹೊಸದೊಂದು ವಿಧಾನವನ್ನು ಹೊತ್ತು ತಂದ ಯಾರೇ ಆಗಲಿ, ಒಡಹುಟ್ಟಿದವನಂತೆ ಸ್ವಾಗತ ಪಡೆಯುತ್ತಿದ್ದ. ಅವರ ತೋಟದಲ್ಲಿ ದಿನವೂ ಸಭೆ ಸೇರುತ್ತಿತ್ತು. ಎಲ್ಲ ಮತಗಳ ಪಂಡಿತರು, ರಾಜರು, ಭಿಕ್ಷುಕರು, ಸಾಧುಗಳು, ಅಪ್ಪಟ ಠಕ್ಕರು – ಎಲ್ಲರೂ ಕಲೆತು ಕುಳಿತಿರುತ್ತಿದ್ದರು, ಎಲ್ಲರಿಗೂ ಒಂದೇ ಮರ್ಯಾದೆ.

ಇದೇ ಪತ್ರದಲ್ಲಿ ಮಗಳು ಒಂದು ತೀರ್ಪನ್ನೂ ಕೊಡುತ್ತಾಳೆ. ಅಪ್ಪ ದೊಡ್ಡ ಕನಸುಗಾರ, ದೊಡ್ಡ ಮನುಷ್ಯ. ಆದರೆ ಅವರ ಬದುಕು ಒಂದು ಸೋಲು ಎನ್ನುತ್ತಾಳೆ. ಆ ಸೋಲಿಗೆ 'ಭವ್ಯ' ಎಂಬ ಅರ್ಥದ ವಿಶೇಷಣವೊಂದನ್ನು ಜೋಡಿಸುತ್ತಾಳೆ. ಇದನ್ನು ಮೊದಲು ಓದಿದಾಗ ಯಾರಿಗಾದರೂ ಎದೆ ಧಸಕ್ಕೆನ್ನುತ್ತದೆ. ಬದುಕಿರುವ ತಂದೆಯ ಬಗ್ಗೆ, ಅಚ್ಚಾಗುವ ಪುಸ್ತಕದಲ್ಲಿ, ಹೆತ್ತ ಮಗಳು ಹೀಗೆ ಹೇಳಬಹುದೆ? ಮತ್ತೊಮ್ಮೆ ಓದಿದಾಗ, ಆ ಮಾತಿನಲ್ಲಿರುವಷ್ಟು ಹೆಮ್ಮೆ 'ಕಣ್ಣಿಗೆ ಕಾಣುವ ದೇವರು' ಎಂಬ ಮಾತಿನಲ್ಲಿ ಇಲ್ಲವೆಂಬುದು ಹೊಳೆಯುತ್ತದೆ. ದೇವರಿಗೆ ಸೋಲುವ ಅವಕಾಶವಿಲ್ಲ. ಬಂಗಾರ ಬರುವುದಿಲ್ಲವೆಂದು ಊರೆಲ್ಲ ಹೇಳುತ್ತಿರುವಾಗಲೂ ಕುಲುಮೆಯ ಮುಂದೆ ಕೂರಬಲ್ಲವನು ಮನುಷ್ಯ ಮಾತ್ರ. ಮಗಳು ನೋಡಿದ್ದು ಆ ಮನುಷ್ಯನನ್ನು.

ಅವಳು ಅಷ್ಟಕ್ಕೇ ನಿಲ್ಲಿಸುವುದಿಲ್ಲ. ತಂದೆಯ ರಸವಿದ್ಯೆಗೂ ತನ್ನ ಕವಿತೆಗೂ ನಂಟು ಕಟ್ಟುತ್ತಾಳೆ. ಬಂಗಾರ ಮಾಡಹೊರಟವರೂ ಪದ್ಯ ಕಟ್ಟುವವರೂ ಅವಳ ದೃಷ್ಟಿಯಲ್ಲಿ ಅವಳಿಜವಳಿ. ತಂದೆಯಲ್ಲಿ ಕುತೂಹಲವಾಗಿದ್ದದ್ದೇ ತನ್ನಲ್ಲಿ ಸೌಂದರ್ಯದ ಹಂಬಲವಾಗಿದೆ ಎಂಬುದು ಅವಳ ವಾದ. ಮಗಳನ್ನು ಗಣಿತಜ್ಞೆಯನ್ನಾಗಿ ಇಲ್ಲವೆ ವಿಜ್ಞಾನಿಯನ್ನಾಗಿ ಮಾಡಬೇಕೆಂದು ಅಘೋರನಾಥರು ಪಟ್ಟುಹಿಡಿದಿದ್ದರು. ಹನ್ನೊಂದನೆಯ ವಯಸ್ಸಿನಲ್ಲಿ ಬೀಜಗಣಿತದ ಲೆಕ್ಕವೊಂದು ಬಿಡಿಸಲಾಗದೆ ಕುಳಿತಿದ್ದಾಗ ಲೆಕ್ಕದ ಬದಲು ಕವಿತೆ ಬಂದುಬಿಟ್ಟಿತೆಂದು ಅವಳೇ ಬರೆದಿದ್ದಾಳೆ. ಹಾಗೆ ನೋಡಿದರೆ ಅದೂ ತಂದೆಯ ಇನ್ನೊಂದು ಸೋಲು. ಆದರೆ ಆ ಕಾವ್ಯಶಕ್ತಿ ತನಗೆ ತಾಯಿಯಿಂದ ಮಾತ್ರವಲ್ಲ, ತಂದೆಯಿಂದಲೂ ಬಂದದ್ದೆಂದು ಹೇಳುವ ಮೂಲಕ ಅವಳು ಆ ಸೋಲನ್ನೂ ಅವರ ಆಸ್ತಿಯಾಗಿ ತಿರುಗಿಸುತ್ತಾಳೆ. ಅಪ್ಪನ ಕುಲುಮೆಯಲ್ಲಿ ಬರದ ಬಂಗಾರವನ್ನು ಮಗಳು ತನ್ನ ಕೈಯಲ್ಲಿ ತೋರಿಸಿದಂತೆ ಅದು.

1915ರ ಜನವರಿ 28ರಂದು ಅಘೋರನಾಥರು ತೀರಿಕೊಂಡರು. 1917ರಲ್ಲಿ ಹೊರಬಂದ 'ದಿ ಬ್ರೋಕನ್ ವಿಂಗ್' ಸಂಕಲನದಲ್ಲಿ ಮಗಳು ತಂದೆಯ ಚೇತನಕ್ಕೆ ವಂದಿಸಿದ ಕವಿತೆಯೊಂದಿದೆ. ಅಲ್ಲೂ ಅವರ ವಿನೋದದ, ಮಗುವಿನಂಥ ಮನಸ್ಸಿನ ನೆನಪುಂಟು. ಆದರೆ ರಸವಿದ್ಯೆ ಅಲ್ಲಿ ಕುಲುಮೆಯನ್ನು ಬಿಟ್ಟು ಉಪಮೆಯ ಎತ್ತರಕ್ಕೇರಿದೆ. ಖಾಲಿಯಾದ ಹಣವಿಲ್ಲ, ತೋಟದಲ್ಲಿ ಕುಳಿತ ಠಕ್ಕರಿಲ್ಲ, ಸೋಲೆಂಬ ಪದವಿಲ್ಲ. ತಂದೆ ದೋಷವೇ ಇಲ್ಲದ ಚೇತನವಾಗಿಬಿಟ್ಟಿದ್ದಾರೆ. ಶೋಕದಲ್ಲಿ ಬರೆದವಳನ್ನು ಇದಕ್ಕಾಗಿ ಯಾರೂ ತಪ್ಪಿತಸ್ಥಳೆನ್ನಲಾರರು. ಅಗಲಿದವರ ಬಗ್ಗೆ ನಾವೆಲ್ಲ ಹಾಗೆಯೇ ಬರೆಯುತ್ತೇವೆ. ಆದರೆ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಬದುಕಿನ ಬಿಸಿ ತಾಗುವುದು ಪತ್ರದಲ್ಲಿ. ಒಬ್ಬಳೇ ಮಗಳು, ಒಬ್ಬರೇ ತಂದೆ, ಅದೇ ಪ್ರೀತಿ. ನಡುವೆ ಬಂದದ್ದು ಸಾವು. ಅದು ಬಂದ ಕೂಡಲೇ ಮನುಷ್ಯ ಮೂರ್ತಿಯಾಗುತ್ತಾನೆ. ಆದ್ದರಿಂದಲೇ ಹೇಳುವ ಮಾತನ್ನು ಹುಟ್ಟುಹಬ್ಬಗಳ ಕಾಲದಲ್ಲೇ ಹೇಳಬೇಕು.

ಕನ್ನಡದ ಕಡೆ ತಿರುಗಿದರೆ ಏನು ಕಾಣುತ್ತದೆ? ನಮ್ಮ ಜನಪದ ಹಾಡುಗಳಲ್ಲಿ ಮಗಳು ತವರನ್ನು ಎಷ್ಟು ಹಾಡಿದರೂ ಸಾಕೆನಿಸುವುದಿಲ್ಲ. ಆದರೆ ಅಲ್ಲಿ ಹಡೆದವ್ವನಿಗೂ ಒಡಹುಟ್ಟಿದ ಅಣ್ಣತಮ್ಮಂದಿರಿಗೂ ದೊರೆಯುವ ಜಾಗ ತಂದೆಗೆ ಅಷ್ಟಾಗಿ ದೊರೆಯುವುದಿಲ್ಲ. ಅವನು ಪಡಸಾಲೆಯಲ್ಲಿ ಗಂಭೀರವಾಗಿ ಕುಳಿತವನು. ಆಧುನಿಕ ಕಾಲದಲ್ಲಿ ಬಿ.ಎಂ.ಶ್ರೀ ಅವರಿಗೆ ಅರ್ಪಿತವಾದ 'ಸಂಭಾವನೆ'ಯಿಂದ ಹಿಡಿದು ಇಂದಿನವರೆಗೆ ಅಭಿನಂದನ ಗ್ರಂಥಗಳ ದೊಡ್ಡ ಪರಂಪರೆಯೇ ನಮಗಿದೆ. ಶಿಷ್ಯರು ಗುರುವಿಗೆ, ಅಭಿಮಾನಿಗಳು ಲೇಖಕರಿಗೆ ಬದುಕಿದ್ದಾಗಲೇ ಗೌರವ ಸಲ್ಲಿಸುವ ಒಳ್ಳೆಯ ಪದ್ಧತಿ ಅದು. ಮನೆಯ ಮಕ್ಕಳ ಮಾತಿಗೆ ಮಾತ್ರ ಅಲ್ಲಿ ಕೊನೆಯ ಪುಟಗಳೇ ಗತಿ.

ಮಕ್ಕಳು ಬರೆದ ಒಳ್ಳೆಯ ಪುಸ್ತಕಗಳು ನಮ್ಮಲ್ಲಿ ಇಲ್ಲವೆಂದಲ್ಲ. ಕುವೆಂಪು ಅವರನ್ನು ಕುರಿತು ಪೂರ್ಣಚಂದ್ರ ತೇಜಸ್ವಿ ಬರೆದ 'ಅಣ್ಣನ ನೆನಪು', ಮಗಳು ತಾರಿಣಿಯವರ 'ಮಗಳು ಕಂಡ ಕುವೆಂಪು' ಓದುಗರಿಗೆ ಚೆನ್ನಾಗಿ ಗೊತ್ತು. ಆ ಮನೆಯ ಮಕ್ಕಳು ತಂದೆಯನ್ನು ಕರೆಯುತ್ತಿದ್ದದ್ದು 'ಅಣ್ಣ' ಎಂದೇ. ತೇಜಸ್ವಿಯವರ ಬರಹದಲ್ಲಿ ಮಹಾಕವಿಯ ಸುತ್ತಲಿನ ಪ್ರಭಾವಳಿ ತಮಾಷೆಯಿಂದ ಪಕ್ಕಕ್ಕೆ ಸರಿದು, ಮನೆಯ ಅಣ್ಣ ಕಾಣಿಸುತ್ತಾನೆ. ಶಿವರಾಮ ಕಾರಂತರ ಮಕ್ಕಳಾದ ಮಾಲವಿಕಾ ಕಪೂರ್, ಉಲ್ಲಾಸ ಕಾರಂತ ಮತ್ತು ಕ್ಷಮಾ ರಾವ್ ಸೇರಿ ತಂದೆಯ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಪುಸ್ತಕ ಬರೆದರು. ಅದು ಪ್ರಕಟವಾದದ್ದು 2021ರಲ್ಲಿ. ಇವೆಲ್ಲ ಬೆಲೆಯುಳ್ಳ ಪುಸ್ತಕಗಳು. ಆದರೆ ಕುವೆಂಪು ತೀರಿಕೊಂಡದ್ದು 1994ರಲ್ಲಿ, ಕಾರಂತರು 1997ರಲ್ಲಿ. ಮೂರೂ ಪುಸ್ತಕಗಳು ಅವುಗಳ ನಾಯಕನ ಕೈಗೆ ಸಿಗಲಿಲ್ಲ. ಎಲ್ಲ ಓದುಗರೂ ಓದಿದರು, ಯಾರ ಬಗ್ಗೆ ಬರೆದದ್ದೋ ಅವರೊಬ್ಬರನ್ನು ಬಿಟ್ಟು.

ಎಲ್ಲ ಹೆಣ್ಣುಮಕ್ಕಳಿಗೂ ಈ ಅವಕಾಶ ಇರುವುದಿಲ್ಲವೆಂಬುದನ್ನೂ ನೆನೆಯಬೇಕು. ಅಘೋರನಾಥರ ಮಗ ಹರೀಂದ್ರನಾಥರನ್ನು ಮದುವೆಯಾಗಿ ಅದೇ ಮನೆತನಕ್ಕೆ ಸೇರಿದ ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರು ತಂದೆಯನ್ನು ಕಳೆದುಕೊಂಡದ್ದು ಏಳನೆಯ ವಯಸ್ಸಿನಲ್ಲಿ. ಮೃತ್ಯುಪತ್ರ ಇರಲಿಲ್ಲವಾದ್ದರಿಂದ ಅಂದಿನ ಕಾಯಿದೆಯಂತೆ ಆಸ್ತಿಯೆಲ್ಲ ತಂದೆಯ ಮೊದಲ ಹೆಂಡತಿಯ ಮಗನ ಪಾಲಾಯಿತು. ತಾಯಿ, ಮಗಳು ಬರಿಗೈಯವರಾದರು. ಅಂಥ ಮಗಳಿಗೆ ತಂದೆಯ ಎಪ್ಪತ್ತನೆಯ ವರ್ಷವಿಲ್ಲ, ಎಂಬತ್ತನೆಯ ವರ್ಷವಿಲ್ಲ. ಆ ವರ್ಷಗಳು ಪಾಲಿಗೆ ಬಂದವರು ಅವನ್ನು ಸಿದ್ಧಪದಗಳಲ್ಲಿ ಕಳೆದುಬಿಡುವುದು ನ್ಯಾಯವೆ?

ಹೊರನಾಡಿನಲ್ಲಿರುವ ನಮಗೆ ಈ ಪ್ರಶ್ನೆ ಇನ್ನಷ್ಟು ಹತ್ತಿರದ್ದು. ಹೈದರಾಬಾದಿನ ಹಿರಿಯ ಕನ್ನಡಿಗರಲ್ಲಿ ಹಲವರ ಹುಟ್ಟಿದ ದಿನವೇ ಒಂದು ಗೋಜಲು. ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳ ಹಳ್ಳಿಗಳಲ್ಲಿ ನಿಜಾಮರ ಆಳ್ವಿಕೆಯಲ್ಲಿ ಹುಟ್ಟಿದವರಿಗೆ ಮನೆಯಲ್ಲಿ ಒಂದು ತಿಥಿ, ಸರಕಾರದ ಕಾಗದದಲ್ಲಿ ಫಸಲಿ ವರ್ಷದ ಒಂದು ತೇದಿ, ಶಾಲೆಯ ದಾಖಲೆಯಲ್ಲಿ ಮಾಸ್ತರರು ಬರೆದುಕೊಂಡ ಇನ್ನೊಂದು. 1948ರಲ್ಲಿ ಸಂಸ್ಥಾನ ಭಾರತದಲ್ಲಿ ವಿಲೀನವಾದಾಗ ಫಸಲಿ ಲೆಕ್ಕದಲ್ಲಿ ಅದು 1357ನೆಯ ವರ್ಷ. ತಿಂಗಳುಗಳ ಹೆಸರು ಅಜೂರ್, ದೈ, ಬಹಮನ್. ಇಷ್ಟನ್ನೆಲ್ಲ ತಾಳೆ ಹಾಕುವ ವ್ಯವಧಾನ ಯಾರಿಗಿತ್ತು? ಮಗು ಶಾಲೆಗೆ ಸೇರಿದಾಗ ಮಾಸ್ತರರು ಜೂನ್ 1 ಎಂದು ಬರೆದು ಮುಗಿಸಿದರು. ಇಂದಿಗೂ ನಮ್ಮ ಸಂಘಗಳ ಹಿರಿಯ ಸದಸ್ಯರಲ್ಲಿ ಜೂನ್ 1ರಂದು ಹುಟ್ಟಿದವರು ಅದೆಷ್ಟು ಮಂದಿ! ಮಕ್ಕಳು ಅದೇ ದಿನ ಕೇಕು ತರುತ್ತಾರೆ. ಅವರು ನಕ್ಕು ಕತ್ತರಿಸುತ್ತಾರೆ. ತಂದೆ ಹುಟ್ಟಿದ ದಿನ ಯಾವುದೆಂದು ಮಗಳು ಕೇಳತೊಡಗಿದರೆ ಅದೊಂದೇ ಪ್ರಶ್ನೆ ಅಜ್ಜಿಯ ನೆನಪು, ಊರಿನ ಜಾತ್ರೆ, ಆ ವರ್ಷದ ಬರ, ಶಾಲೆಯ ಉರ್ದು ಪಾಠ, ಎಲ್ಲದರ ಬಾಗಿಲನ್ನೂ ತೆರೆಯುತ್ತದೆ.

ಇವರ ಬದುಕಿನಲ್ಲಿ ವಿಚಿತ್ರವಾದ ಇನ್ನೊಂದು ಸಂಗತಿಯಿದೆ. 1956ರ ನವೆಂಬರ್ 1ರವರೆಗೆ ಹೈದರಾಬಾದ್ ಅವರ ರಾಜಧಾನಿ. ಓದಲು, ಕೋರ್ಟು ಕಚೇರಿಗೆ, ನೌಕರಿಗೆ ಅವರು ಬಂದದ್ದು ತಮ್ಮದೇ ಸಂಸ್ಥಾನದ ಊರಿಗೆ. ರಾಜ್ಯಗಳ ಮರುವಿಂಗಡಣೆಯಾದಾಗ ಅವರ ಹಳ್ಳಿಗಳು ಮೈಸೂರು ರಾಜ್ಯಕ್ಕೆ ಸೇರಿದವು, ಅವರು ಮಾತ್ರ ಇಲ್ಲೇ ಉಳಿದರು. ಇದ್ದ ಮನೆಯಿಂದ ಕದಲದೆಯೇ ಹೊರನಾಡಿಗರಾದವರು ಅವರು. ಅನಂತರದ ದಶಕಗಳಲ್ಲಿ ಸಾರ್ವಜನಿಕ ಉದ್ದಿಮೆಗಳಿಗೆ, ಬ್ಯಾಂಕುಗಳಿಗೆ ಬಂದವರದು ಬೇರೆ ಕಥೆ. ಇಂದು ಗಚ್ಚಿಬೌಲಿಯ ಗಾಜಿನ ಕಟ್ಟಡಗಳಲ್ಲಿ ದುಡಿಯುವವರದು ಮತ್ತೊಂದು. ಆದರೆ ಮೂರೂ ತಲೆಮಾರಿನ ತಂದೆಯರಲ್ಲಿ ಬಾಯಿಬಿಟ್ಟು ಹೇಳದ ಒಂದು ಸೋಲಿನ ಭಾವ ಇರುವುದನ್ನು ನಾನು ಕಂಡಿದ್ದೇನೆ. ಊರಲ್ಲಿ ಕಟ್ಟಿಸಬೇಕೆಂದಿದ್ದ ಮನೆ ತಳಪಾಯದಲ್ಲೇ ನಿಂತಿದೆ. ನಿವೃತ್ತಿಯಾದ ಮೇಲೆ ಹಿಂದಿರುಗುತ್ತೇನೆಂಬ ಮಾತು ಮಾತಾಗಿಯೇ ಉಳಿದಿದೆ. ಮಕ್ಕಳಿಗೆ ಕನ್ನಡ ಅಕ್ಷರ ಕಲಿಸಲು ಭಾನುವಾರದ ತರಗತಿ ತೆರೆದರು. ಎರಡು ವರ್ಷದಲ್ಲಿ ಕಲಿಯುವವರಿಲ್ಲದೆ ಅದು ನಿಂತಿತು. ಸನ್ಮಾನದ ಶಾಲು ಹೊದಿಸುವಾಗ ಇವೆಲ್ಲವನ್ನೂ ಬಿಟ್ಟು 'ಯಶಸ್ವಿ ಜೀವನ' ಎಂದು ಹೊಗಳಿದರೆ, ಹೊದಿಸಿಕೊಂಡವರಿಗೆ ಆ ಹೊಗಳಿಕೆ ಇನ್ನಾರದೋ ವಿಷಯವಾಗಿ ಕೇಳಿಸುತ್ತದೆ.

ಹೀಗೆ ಬರೆಯಿರಿ ಎಂದು ಇತರರಿಗೆ ಹೇಳುವವಳು ತಾನೂ ಬರೆಯಬೇಕಲ್ಲ. ನನ್ನ ಅಪ್ಪನಿಗೆ ಎಂಬತ್ತು ದಾಟಿದೆ. ಅವರ ಹುಟ್ಟುಹಬ್ಬವೂ ಜೂನ್ 1. ರಾಯಚೂರು ಜಿಲ್ಲೆಯ ಹಳ್ಳಿಯಿಂದ ಬಂದು ಈ ಊರಿನಲ್ಲಿ ಗುಮಾಸ್ತಿಕೆ ಮಾಡಿ ನಿವೃತ್ತರಾದವರು. ಸಂಜೆಗಳನ್ನೆಲ್ಲ ಅವರು ಒಂದೇ ಕೆಲಸಕ್ಕೆ ಕೊಟ್ಟರು: ತಮ್ಮ ಕಡೆಯ ಕನ್ನಡದಲ್ಲಿ ಬೆರೆತುಹೋದ ಉರ್ದು, ಫಾರ್ಸಿ ಮಾತುಗಳ ಕೋಶ. ದವಾಖಾನೆ, ದಫ್ತರ, ಪಂಚನಾಮೆ, ಜಮಾಬಂದಿ, ಪರವಾನಗಿ – ಒಂದೊಂದಕ್ಕೂ ಒಂದೊಂದು ಚೀಟಿ; ಚೀಟಿಗಳನ್ನು ಇಡಲು ಬೂಟಿನ ಖಾಲಿ ಡಬ್ಬಿಗಳು. ಹೊಸ ಮಾತೊಂದು ಸಿಕ್ಕರೆ ರಿಕ್ಷಾದವನನ್ನೂ ಮನೆಗೆ ಕರೆತಂದು ಚಹಾ ಕುಡಿಸುತ್ತಿದ್ದರು. ಕೋಶ ಅಚ್ಚಾಗಲಿಲ್ಲ, ಇನ್ನು ಆಗುವ ಲಕ್ಷಣವೂ ಇಲ್ಲ. ಅವರ ಜೀವನದಲ್ಲಿ ನಾನು ಅತಿ ಹೆಚ್ಚು ಮೆಚ್ಚುವುದು ಆ ಮುಗಿಯದ ಕೋಶವನ್ನೇ. ಭಾಷೆಯೊಂದಕ್ಕೆ ಮಡಿಮೈಲಿಗೆಯಿಲ್ಲ, ಬಂದ ಮಾತನ್ನೆಲ್ಲ ಒಳಗೆ ಕರೆದು ಕೂರಿಸಬೇಕು ಎಂಬುದನ್ನು ನನಗೆ ಕಲಿಸಿದ್ದು ಆ ಡಬ್ಬಿಗಳು. ಈ ಮಾತನ್ನು ಈ ವರ್ಷ ಅವರಿಗೆ ಓದಿ ಹೇಳಿದ್ದೇನೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಪರವಾನಗಿ'ಯ ಚೀಟಿಯಲ್ಲಿ ಇನ್ನೊಂದು ಅರ್ಥ ಸೇರಿಸಬೇಕಾಗಿದೆ ಎಂದರು.

ಇಲ್ಲಿ ಭಾಷೆಯ ಮಾತೂ ಬರುತ್ತದೆ. ಸರೋಜಿನಿಯವರ ಪತ್ರಗಳಲ್ಲೇ ಇನ್ನೊಂದು ಪ್ರಸಂಗವಿದೆ. ಒಂಬತ್ತನೆಯ ವಯಸ್ಸಿನವರೆಗೂ ಇಂಗ್ಲಿಷ್ ಮಾತಾಡುವುದಿಲ್ಲವೆಂದು ಅವಳು ಹಟ ಹಿಡಿದಿದ್ದಳು. ತಂದೆ ಒಂದು ದಿನವಿಡೀ ಅವಳನ್ನು ಕೋಣೆಯಲ್ಲಿ ಒಬ್ಬಳನ್ನೇ ಕೂಡಿಹಾಕಿದರು. ಜೀವನದಲ್ಲಿ ಅವಳಿಗೆ ಸಿಕ್ಕ ಶಿಕ್ಷೆ ಅದೊಂದೇ. ಹೊರಬಂದ ಮೇಲೆ ತಂದೆತಾಯಿಯರೊಡನೆ ಅವಳು ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಆಡಲಿಲ್ಲ. ತಾಯಿ ವರದಾಸುಂದರಿ ಅವಳೊಡನೆ ಮಾತಾಡುತ್ತಿದ್ದದ್ದು ಹಿಂದೂಸ್ತಾನಿಯಲ್ಲಿ. ಎಳೆವಯಸ್ಸಿನಲ್ಲಿ ಬಂಗಾಳಿಯಲ್ಲಿ ಗೀತೆಗಳನ್ನು ಬರೆದ ತಾಯಿಯ ಮಗಳು ಕವಿಯಾಗಿ ಹೆಸರಾದದ್ದು ಇಂಗ್ಲಿಷಿನಲ್ಲಿ. ಹೊರನಾಡಿನಲ್ಲಿ ನೆಲೆಸಿದ ಕುಟುಂಬದ ಚಿತ್ರ ಅಂದಿಗೂ ಇಂದಿಗೂ ಹೆಚ್ಚು ಬದಲಾಗಿಲ್ಲ. ಮಕ್ಕಳ ಏಳಿಗೆಗೆಂದು ತಂದೆಯೇ ಮುಂದೆ ನಿಂತು ಬೇರೆ ಭಾಷೆ ಕಲಿಸುತ್ತಾನೆ. ಮುಂದೊಂದು ದಿನ ಮಗಳ ಮೆಚ್ಚುಗೆ ಅವನಿಗೆ ಆ ಭಾಷೆಯಲ್ಲೇ ಬರುತ್ತದೆ. ಅಘೋರನಾಥರಿಗೆ ಇಂಗ್ಲಿಷ್ ಮನೆಯ ಮಾತಿನಷ್ಟೇ ಸಲೀಸಾಗಿತ್ತು. ನಮ್ಮ ಎಲ್ಲ ತಂದೆಯರಿಗೂ ಹಾಗಲ್ಲ. ಅಕ್ಷರ ಬರದಿದ್ದರೆ ಮಗಳು ಕನ್ನಡದಲ್ಲಿ ನಾಲ್ಕು ಮಾತು ಬಾಯಿಂದಲೇ ಹೇಳಲಿ. ತಪ್ಪಿದ ಲಿಂಗ, ವಚನಗಳನ್ನು ಅಪ್ಪ ಪ್ರೀತಿಯಿಂದ ತಿದ್ದುತ್ತಾರೆ. ಅವರು ಅಮ್ಮನೊಡನೆ ಜಗಳವಾಡಿದ, ತಮ್ಮ ತಾಯಿಗಾಗಿ ಅತ್ತ ಭಾಷೆಯಲ್ಲಿ ಬಂದ ಮಾತು ಅವರನ್ನು ಮುಟ್ಟುವ ಬಗೆಯೇ ಬೇರೆ.

ನನ್ನ ಈ ಅಭಿಪ್ರಾಯಕ್ಕೆ ಬರಬಹುದಾದ ಆಕ್ಷೇಪಗಳನ್ನು ಬಲ್ಲೆ. ಮೊದಲನೆಯದು ಮರ್ಯಾದೆಯ ಪ್ರಶ್ನೆ: ಶುಭದಿನದಲ್ಲಿ ಸೋಲಿನ ಮಾತೇಕೆ? ಸೋಲನ್ನು ಹೆಸರಿಸುವುದಕ್ಕೂ ದೋಷ ಎಣಿಸುವುದಕ್ಕೂ ಅಂತರವಿದೆ. ತಂದೆಯ ಕೋಪ, ಸಣ್ಣತನ, ಹಳೆಯ ಜಗಳಗಳ ಲೆಕ್ಕ ತೀರಿಸಲು ಹುಟ್ಟುಹಬ್ಬ ತಕ್ಕ ದಿನವಲ್ಲ, ನಿಜ. ನಾನು ಹೇಳುತ್ತಿರುವುದು ಅವರು ಮನಸಾರೆ ಬಯಸಿ ದುಡಿದು ಕೈಗೂಡದೇ ಹೋದದ್ದರ ಬಗ್ಗೆ. ಅದನ್ನು ಕಂಡೂ ಕಾಣದಂತೆ ಇರುವುದು ಮರ್ಯಾದೆಯಂತೆ ತೋರಿದರೂ ಅದರಲ್ಲಿ ಸ್ವಲ್ಪ ಉಪೇಕ್ಷೆಯೂ ಸೇರಿರುತ್ತದೆ. ಅಂಥದ್ದನ್ನು ತುಂಬಿದ ಸಭೆಯಲ್ಲಿ ಹೇಳಬೇಕೆಂದೂ ಇಲ್ಲ. ಊಟವಾದ ಮೇಲೆ ಜಗುಲಿಯಲ್ಲಿ ಇಬ್ಬರೇ ಕುಳಿತಾಗ ಹೇಳಿದರೂ ಆದೀತು.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಸರೋಜಿನಿ ಆ ಮಾತನ್ನು ಬರೆದದ್ದು ತಂದೆಗಲ್ಲ, ದೂರದ ಕವಿಮಿತ್ರನಿಗೆ. ಪರಕೀಯರಿಗೆ ಹೇಳಬಲ್ಲದ್ದನ್ನು ಮನೆಯವರ ಮುಂದೆ ಹೇಳುವುದು ಕಷ್ಟ. ನಮ್ಮ ಮನೆಗಳಲ್ಲಂತೂ ಅಪ್ಪನ ಎದುರು ನಿಂತು ಪ್ರೀತಿಯ ಮಾತಾಡುವುದೇ ಮುಜುಗರ. ಇದನ್ನು ಒಪ್ಪುತ್ತೇನೆ. ಅದಕ್ಕಾಗಿಯೇ ಬರಹ ಇರುವುದು. 1930ರ ಅಕ್ಟೋಬರ್ 26ರಂದು ನೈನಿ ಸೆರೆಮನೆಯಿಂದ ಜವಾಹರಲಾಲ ನೆಹರೂ ಮಗಳ ಹದಿಮೂರನೆಯ ಹುಟ್ಟುಹಬ್ಬಕ್ಕೆ ಪತ್ರ ಬರೆದರು; ಸೆರೆಯಲ್ಲಿದ್ದವನು ಬೇರೆ ಏನನ್ನು ತಾನೇ ಕಳುಹಿಸಬಲ್ಲ? ಆ ಪತ್ರದಿಂದ ಶುರುವಾದದ್ದು ಲೋಕದ ಇತಿಹಾಸವನ್ನೇ ಹೇಳುವ ದೊಡ್ಡ ಗ್ರಂಥವಾಯಿತು. ತಂದೆ ಮಗಳಿಗೆ ಹೀಗೆ ಬರೆಯಬಹುದಾದರೆ ಮಗಳು ತಂದೆಗೆ ಒಂದು ಪುಟ ಬರೆಯಲಾರಳೆ?

ಮೂರನೆಯ ಆಕ್ಷೇಪಕ್ಕೆ ನನ್ನಲ್ಲಿ ಉತ್ತರವಿಲ್ಲ, ಇರಬೇಕೆಂದೂ ಇಲ್ಲ. ಕೆಲವರು ತಂದೆಯಿಂದ ನೋವನ್ನಷ್ಟೇ ಪಡೆದಿರುತ್ತಾರೆ. ಅವರಿಂದ ಯಾರೂ ಮೆಚ್ಚುನುಡಿಯನ್ನು ಕೇಳಬಾರದು. ಪದ್ಧತಿಯ ಹೆಸರಿನಲ್ಲಿ ಅವರ ಕೈಗೆ ಹಾರ ಕೊಡುವುದು ಕ್ರೌರ್ಯ. ಸಿದ್ಧಪದಗಳ ಹೊಗಳಿಕೆ ಎಲ್ಲರಿಗೂ ಕಡ್ಡಾಯವೆಂಬಂತೆ ಆಗಿರುವುದರ ಇನ್ನೊಂದು ಕೆಡುಕು ಇದು: ನಿಜವಾಗಿ ಪ್ರೀತಿಸಿದವಳ ಮಾತಿಗೂ ಬಲವಂತದಿಂದ ನುಡಿದವಳ ಮಾತಿಗೂ ಗುರುತೇ ಉಳಿಯುವುದಿಲ್ಲ.

ನಮ್ಮ ಬಳಗಗಳಿಗೆ ನನ್ನದೊಂದು ಸಣ್ಣ ಸೂಚನೆ. ಹಿರಿಯ ಸದಸ್ಯರ ಎಪ್ಪತ್ತೈದು, ಎಂಬತ್ತರ ಸಮಾರಂಭ ಮಾಡುವಾಗ ಅಧ್ಯಕ್ಷರ ಭಾಷಣವನ್ನು ಸ್ವಲ್ಪ ಮೊಟಕುಗೊಳಿಸಿ ಮಗಳಿಗೋ ಮಗನಿಗೋ ಹತ್ತು ನಿಮಿಷ ಕೊಡೋಣ. ಮೂರು ಪ್ರಶ್ನೆಗಳನ್ನು ಮೊದಲೇ ಅವರ ಕೈಗಿಡೋಣ: ಅಪ್ಪ ನಿಜವಾಗಿ ಹುಟ್ಟಿದ್ದು ಯಾವಾಗ, ಎಲ್ಲಿ? ಅವರು ತಮ್ಮ ಸಂಜೆಗಳನ್ನು ಯಾವುದಕ್ಕೆ ಕೊಟ್ಟರು? ಅದರಲ್ಲಿ ಯಾವುದು ಮುಗಿಯಲಿಲ್ಲ, ಅದರಿಂದ ನಿಮ್ಮ ಪಾಲಿಗೆ ಬಂದದ್ದೇನು? ಉತ್ತರಗಳನ್ನು ಬರೆದಿಟ್ಟುಕೊಂಡರೆ ಹತ್ತು ವರ್ಷಗಳಲ್ಲಿ ಈ ನಗರದ ಕನ್ನಡಿಗರ ಒಂದು ಚರಿತ್ರೆ ತಾನಾಗಿಯೇ ಸಿದ್ಧವಾದೀತು. ಸಂಘದ ವರದಿಗಳಲ್ಲಿ ಸಿಗದ ಚರಿತ್ರೆ ಅದು.

ಸರೋಜಿನಿಯವರ ಮೊದಲ ಸಂಕಲನದ ಹೆಸರನ್ನೇ ಹೊತ್ತ ನಾಂಪಲ್ಲಿಯ ಆ ಮನೆಯಲ್ಲಿ, 1974ರಲ್ಲಿ ಸ್ಥಾಪನೆಯಾದ ಹೈದರಾಬಾದ್ ವಿಶ್ವವಿದ್ಯಾಲಯ ತನ್ನ ಮೊದಲ ದಿನಗಳನ್ನು ಕಳೆಯಿತು. ಅವರ ಮಗಳು ಪದ್ಮಜಾ ನಾಯ್ಡು, ತಾಯಿ ಪ್ರಕಟಿಸದೇ ಬಿಟ್ಟುಹೋದ ಕವಿತೆಗಳನ್ನು 1961ರಲ್ಲಿ ಪುಸ್ತಕವಾಗಿ ಹೊರತಂದರು. ಹೆತ್ತವರು ಮುಗಿಸದೇ ಬಿಟ್ಟದ್ದನ್ನು ಕೈಗೆತ್ತಿಕೊಳ್ಳುವುದು ಆ ಮನೆಯ ಹೆಣ್ಣುಮಕ್ಕಳ ರೂಢಿಯಾಗಿದ್ದಿರಬೇಕು. ಅಘೋರನಾಥರ ಕುಲುಮೆಯಿಂದ ಒಂದು ಗುಂಜಿ ಬಂಗಾರವೂ ಬರಲಿಲ್ಲ. ಆದರೆ ಅವರ ಗಡ್ಡ ಹೇಗಿತ್ತು, ನಗು ಎಷ್ಟು ದೊಡ್ಡದಿತ್ತು, ತೋಟದಲ್ಲಿ ಯಾರ ಪಕ್ಕ ಯಾರು ಕುಳಿತಿರುತ್ತಿದ್ದರು ಎಂಬುದು ನೂರಕ್ಕೂ ಹೆಚ್ಚು ವರ್ಷಗಳ ಮೇಲೂ ನಮಗೆ ಗೊತ್ತು; ಏಕೆಂದರೆ ಅವರು ಇನ್ನೂ ನಗುತ್ತಿದ್ದಾಗಲೇ ಮಗಳು ಅದನ್ನೆಲ್ಲ ಬರೆದಿಟ್ಟಳು.